ಕತ್ತಲೆಗೆ ಇಪ್ಪತ್ತೈದು ಅಂಕ

ಅಂಕ ಹಾಕಲು ಬಾರದ ವಸ್ತು ಈ ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂಬುದು ಹೆಮ್ಮಾಡಿಯ ರವಿಚಂದ್ರ ಮೇಷ್ಟ್ರ ಅಚಲ ನಂಬಿಕೆ. ಪ್ರೌಢಶಾಲೆಯಲ್ಲಿ ಹದಿಮೂರು ವರ್ಷ ಗಣಿತ ಕಲಿಸಿದವರು. ಮಾವಿನ ಹಣ್ಣು ತಿಂದರೂ ಸಿಹಿಗೆ ಇಷ್ಟು, ನಾರಿಗೆ ಇಷ್ಟು, ಗೊರಟಿಗೆ ಇಷ್ಟು ಕಳೆ ಎಂದು ಮನಸ್ಸಿನಲ್ಲೇ ಕೂಡಿಸಿ, ನೂರಕ್ಕೆ ಪರಿವರ್ತಿಸಿ, ಆಮೇಲೆಯೇ ಕೈ ತೊಳೆಯುವವರು. ಅಂಥವರು ಒಂದು ಬುಧವಾರ ಮೊಬೈಲಿನಲ್ಲಿ ಘೋಷಣೆ ಹೊರಡಿಸಿದರು: "ಬರುವ ಭಾನುವಾರ, ನಮ್ಮ ಮನೆಯಲ್ಲಿ, ಊಟಕ್ಕೆ ಎಲೆ ಹಾಕುವುದರೊಳಗೆ ಈ ಮಹಾಯುದ್ಧವನ್ನು ಮುಗಿಸಿಕೊಡುತ್ತೇನೆ. ಇದು ನನ್ನ ಪ್ರತಿಜ್ಞೆ!"

ಮಹಾಯುದ್ಧಕ್ಕೆ ಕಾರಣ ವಿಕ್ಟರ್ ಮಾರ್ಟಿಸ್. ಕಡಲಾಚೆಯ ರಾಕ್ ಗಾಯಕ. ಗಾಯಕ ಎಂದರೆ ವೇದಿಕೆಯ ಮೇಲೆ ಶಾಲು ಹೊದ್ದು ಕೂತು ಹಾಡುವವನಲ್ಲ. ಮುಖಕ್ಕೆ ಸುಣ್ಣದಂಥ ಬಿಳಿ, ಕಣ್ಣಿನ ಸುತ್ತ ಅಂಗೈಯಗಲ ಕಾಡಿಗೆ. ತಗಡಿನ ಹಾಳೆಯನ್ನು ಕಾಂಕ್ರೀಟ್ ರಸ್ತೆಯಲ್ಲಿ ಎಳೆದಂಥ ಸದ್ದು, ಅದರ ಹಿಂದೆ ಕಾರ್ಖಾನೆ ಯಂತ್ರಗಳ ಗುದ್ದಾಟ, ನಡುವೆ ಬಾವಿಯ ತಳದಿಂದ ಬಂದಂಥ ದನಿಯಲ್ಲಿ ಸಾವು, ತುಕ್ಕು, ಕತ್ತಲೆಗಳ ಗುಣಗಾನ. ಈ ಮಹಾನುಭಾವನಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕು ಸೇರಿ ಒಂದು ಅಭಿಮಾನಿ ಬಳಗವಿತ್ತು. ಸದಸ್ಯರ ಸಂಖ್ಯೆ ಮೂರು! ತಾಲೂಕಿಗೊಬ್ಬರಂತೆ ಸಮಾನ ಪ್ರಾತಿನಿಧ್ಯ.

ಬೈಂದೂರಿನ ಪರವಾಗಿ ಶಿರೂರಿನ ವಿಶಾಲ್, ಐಸ್ ಪ್ಲಾಂಟಿನಲ್ಲಿ ಆಪರೇಟರ್. ಬ್ರಹ್ಮಾವರದ ಪರವಾಗಿ ನವ್ಯಶ್ರೀ, ರಕ್ತ ಪರೀಕ್ಷೆಯ ಲ್ಯಾಬಿನವಳು. ಕುಂದಾಪುರಕ್ಕೆ ಮೇಷ್ಟ್ರು. ಮಾರ್ಟಿಸ್ ಈವರೆಗೆ ಹೊರತಂದದ್ದು ಏಳು ಆಲ್ಬಮ್. ಅದರಲ್ಲಿ ಶ್ರೇಷ್ಠ ಯಾವುದು? 2003ರದ್ದು ಎಂದು ವಿಶಾಲ್. 2016ರದ್ದು ಎಂದು ನವ್ಯಶ್ರೀ. 2009ರದ್ದು ಬಿಟ್ಟು ಬೇರೆ ಹೆಸರು ಎತ್ತಿದವರು ಕಿವುಡರು ಎಂದು ಮೇಷ್ಟ್ರು. ಒಂಬತ್ತು ತಿಂಗಳು ಹೀಗೇ ಗುದ್ದಾಡಿ, ಕೊನೆಗೆ ಮೇಷ್ಟ್ರು ತಮ್ಮ ಬ್ರಹ್ಮಾಸ್ತ್ರ ಹೊರತೆಗೆದರು: ಮೌಲ್ಯಮಾಪನ ರಿಜಿಸ್ಟರ್. ಕತ್ತಲೆಗೆ ಇಪ್ಪತ್ತೈದು ಅಂಕ, ಅಬ್ಬರಕ್ಕೆ ಇಪ್ಪತ್ತೈದು, ಕಿರುಚಾಟಕ್ಕೆ ಇಪ್ಪತ್ತು, ನೆಮ್ಮದಿ ಕೆಡಿಸುವ ಗುಣಕ್ಕೆ ಇಪ್ಪತ್ತು, ಮುಖಪುಟಕ್ಕೆ ಹತ್ತು. ಆಲ್ಬಮ್ಮಿಗೊಂದು ಪುಟ, ಮೇಲ್ಗಡೆ ಬರೀ ಇಸವಿ, ಕೆಳಗಡೆ ಕೆಂಪು ಶಾಯಿಯಲ್ಲಿ ಷರಾ.

ಇಷ್ಟೆಲ್ಲ ನಡೆದರೂ ಮನೆಯವರಿಗೆ ಮಾತ್ರ ಮಾರ್ಟಿಸನ ಗಾಳಿಯೂ ಸೋಕಿರಲಿಲ್ಲ. ಶಾಲೆಯಿಂದ ಬಂದವರೇ ಮೇಷ್ಟ್ರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ತಲೆದೂಗುತ್ತ ಕೂರುತ್ತಿದ್ದರು. ಅವರ ಅಮ್ಮ ವನಜಕ್ಕ ಅದನ್ನು ನೆರೆಕರೆಯಲ್ಲೆಲ್ಲ ಸಾರಿ ಬಂದಿದ್ದರು: "ನಮ್ ರವಿ ಭಜನಿ ಕೇಂಬುಕೆ ಕೂಕಂಡ್ರೆ ಮುಗೀತ್, ಮನಿಗ್ ಬೆಂಕಿ ಬಿದ್ರೂ ಗೊತ್ತಾಪ್ದಿಲ್ಲೆ!" ಅದನ್ನು ಅಲ್ಲಗಳೆಯುವ ಧೈರ್ಯ ಮೇಷ್ಟ್ರಿಗೆ ಒಮ್ಮೆಯೂ ಬಂದಿರಲಿಲ್ಲ.

ಗುರುವಾರ ಸಂಜೆ ವನಜಕ್ಕ ಹಿತ್ತಿಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದಾಗ ಮೇಷ್ಟ್ರು ವಿಷಯ ತೆಗೆದರು. ಒಂದು ಕಿವಿಯಲ್ಲಿ ಆಗಲೇ ಯಂತ್ರಗಳು ಗುದ್ದುತ್ತಿದ್ದವು.

"ಅಮ್ಮಾ, ಆಯ್ತವಾರ ಇಬ್ರ್ ಊಟಕ್ಕ್ ಬತ್ರ್. ಏಳ್ ಆಲ್ಬಮ್ ಇತ್ತ್, ಅದ್ರಲ್ ಯಾವ್ದ್ ಒಳ್ಳೇದ್ ಅಂದೇಳಿ ತೀರ್ಮಾನ ಮಾಡುಕೆ."

"ಯಾರ್ ಆಲ್ಬಮ್ ಮಗಾ?"

"ವಿಕ್ಟರ್ ಮಾರ್ಟಿಸ್."

"ಹೌದಾ! ನಮ್ ಕ್ಯಾಮೆರಾ ಮಾರ್ಟಿಸರದಾ? ಅವ್ರ್ ಹೆಸ್ರ್ ವಿಕ್ಟರ್ ಅಂದೇಳಿಯಾ? ಇಷ್ಟ್ ವರ್ಷ ಗೊತ್ತೇ ಇಲ್ಲೆ!"

"ಹೂಂ" ಎಂದರು ಮೇಷ್ಟ್ರು. ಆ ಹೊತ್ತಿಗೆ ಎರಡನೇ ಕಿವಿಗೂ ಇಯರ್‌ಫೋನ್ ಏರಿತ್ತು.

ಆ ಒಂದು 'ಹೂಂ' ಮಾಡಿದ ಅನಾಹುತ ಅಷ್ಟಿಷ್ಟಲ್ಲ. ಕ್ಯಾಮೆರಾ ಮಾರ್ಟಿಸರೆಂದರೆ ಇಪ್ಪತ್ತು ವರ್ಷ ಆ ಸುತ್ತಿನ ಮದುವೆಗಳಿಗೆಲ್ಲ ಫೋಟೋ ತೆಗೆದವರು. ಅವರು ಮಾಡಿದ ಮದುವೆ ಆಲ್ಬಮ್‌ಗಳಲ್ಲಿ ಯಾವುದು ಒಳ್ಳೆಯದೆಂದು ಸ್ಪರ್ಧೆ ನಡೆಯುತ್ತದೆ, ತೀರ್ಪುಗಾರರು ತಮ್ಮ ಮನೆಗೇ ಬರುತ್ತಾರೆ ಎಂದು ವನಜಕ್ಕ ಶುಕ್ರವಾರ ಬೆಳಗಾಗುವುದರೊಳಗೆ ಹೆಮ್ಮಾಡಿಗೆಲ್ಲ ಹಂಚಿಬಿಟ್ಟರು.

ಭಾನುವಾರ ಮೇಷ್ಟ್ರು ಕೋಳಿ ತಂದು ಮನೆಯೊಳಗೆ ಕಾಲಿಟ್ಟರೆ ಪಡಸಾಲೆಯ ಟೀಪಾಯಿಯ ಮೇಲೆ ಮದುವೆ ಆಲ್ಬಮ್‌ಗಳ ರಾಶಿ! ಮೇಷ್ಟ್ರ ಮದುವೆಯದ್ದೂ ಸೇರಿ ಎಲ್ಲಕ್ಕೂ ಒಂದೇ ಕೆಂಪು ರಟ್ಟು, ಒಂದೇ ಚಿನ್ನದ ಗೆರೆ. ಪಕ್ಕದ ಮನೆಯ ಕಮಲಕ್ಕ ರೇಷ್ಮೆ ಸೀರೆಯಲ್ಲಿ ಕೂತಿದ್ದಾರೆ. ಅವರ ಗಂಡ ಗುಡ್ಡಣ್ಣ, ಬೋಟಿನಲ್ಲಿ ಬಲೆ ಎಳೆದೆಳೆದು ಕಂಬದಂಥ ತೋಳು ಬೆಳೆಸಿದವನು, ಇಸ್ತ್ರಿ ಮಾಡಿದ ಅಂಗಿಯೊಳಗೆ ಉಸಿರು ಬಿಗಿಹಿಡಿದು ಕೂತಿದ್ದಾನೆ.

"ಎಂತ ಅಮ್ಮಾ ಇದ್?"

"ಏಳೇ ಅಲ್ದಾ ನೀ ಹೇಳದ್? ಎಂಟನೇದೂ ಒಂದ್ ಬಂದಿತ್. ನಾನೇ ವಾಪಾಸ್ ಕಳ್ಸ್ದೆ!" ಎಂದರು ವನಜಕ್ಕ ಹೆಮ್ಮೆಯಿಂದ.

ಎರಡು ಪ್ರಶ್ನೆ ಕೇಳುವುದರಲ್ಲಿ ಮೇಷ್ಟ್ರಿಗೆ ಪರಿಸ್ಥಿತಿ ಅರ್ಥವಾಯಿತು. ನಗುವೂ ಬಂತು. ಇದನ್ನು ಹೆಂಡತಿಗೆ ಹೇಳಿ ಇಬ್ಬರೂ ನಗೋಣವೆಂದು ಅಡುಗೆಮನೆಗೆ ಹೋದರು. ಸೌಮ್ಯಶ್ರೀ ನಗುವ ಸ್ಥಿತಿಯಲ್ಲಿರಲಿಲ್ಲ. ಅವಳ ಕೈಯಲ್ಲಿ ರಿಜಿಸ್ಟರ್ ಇತ್ತು.

"ಹ್ವಾಯ್, ಇದ್ ಎಂತ?"

"ಅದ್... ಆಲ್ಬಮಿಗೆ ಅಂಕ ಹಾಕದ್ದ್."

"ಅದ್ ಗೊತ್ತಾಯ್ತ್. ಓದುಕ್ ಬತ್ತ್ ನಂಗೆ. ನಮ್ ಮದಿ ಆದದ್ದ್ ಯಾವ ವರ್ಷ?"

"ಎರಡ್ ಸಾವ್ರದ ಹದ್ನಾರ್."

"ಹದ್ನಾರ್! ಕೇಣಿ. ಏಳನೇ ಸ್ಥಾನ. ನೂರಕ್ಕೆ ಮೂವತ್ತೊಂದು. ಅನುತ್ತೀರ್ಣ!" ಅವಳು ಷರಾ ಓದತೊಡಗಿದಳು. "'ಬಹಳ ಆಸೆ ಇಟ್ಟುಕೊಂಡಿದ್ದೆ, ಮೋಸ ಹೋದೆ.' ಹೌದಾ? 'ಮುಖಕ್ಕೆ ಬಳಿದ ಬಣ್ಣ ಅತಿಯಾಯಿತು.' ನಂಗ್ ಬಣ್ಣ ಬಳ್ದದ್ದ್ ನಿಮ್ ಅಕ್ಕನೇ, ನೆನ್ಪಿರ್ಲಿ! 'ಹಿಂದೆ ಕೇಳುವ ಹೆಂಗಸಿನ ದನಿ ಕರ್ಕಶ.' ನಮ್ಮಮ್ಮ ಎಲ್ಲರ್ನೂ ಊಟಕ್ಕ್ ಕರ್ದದ್ದ್ ನಿಮ್ಗೆ ಕರ್ಕಶವಾ?"

"ಸೌಮ್ಯಾ, ಒಂದ್ ನಿಮಿಷ..."

"ಇನ್ನೂ ಇತ್ತ್! 'ಮೊದಲ ಹತ್ತು ನಿಮಿಷಕ್ಕೇ ಎದ್ದು ಹೋಗೋಣ ಅನ್ನಿಸಿತು. ಆದರೂ ಕೊನೆಯವರೆಗೆ ಸಹಿಸಿದೆ.'" 'ಸಹಿಸಿದೆ' ಎನ್ನುವಾಗ ಅವಳ ದನಿ ನಡುಗಿತು. ಮರುಕ್ಷಣವೇ ಏರಿತು. "ಕಿರ್ಚಾಟಕ್ಕ್ ಇಪ್ಪತ್ತಕ್ಕೆ ಎರ್ಡಾ? ಕಡ್ಮಿ ಆಯ್ತಾ ನಿಮ್ಗೆ? ಬಂದೋರೆಲ್ಲ ಹೋಯ್ಲಿ, ಪೂರಾ ಇಪ್ಪತ್ತ್ ಮಾರ್ಕಿಂದೂ ಕೇಣಿಸ್ತೆ!"

"ಅದ್ ನಮ್ ಮದಿ ಅಲ್ದೆ ಮಾರಾಯ್ತಿ!"

"ಮತ್ತೆ ಎರಡ್ ಸಾವ್ರದ ಒಂಬತ್ತ್ ಯಾರ್ ಮದಿ? ಹೊರಗ್ ಕಂಡ್ಕಂಡೇ ಬಂದೆ ನಾನ್. ಕಮಲಕ್ಕಂದ್! ಮೊದಲನೇ ಸ್ಥಾನ, ತೊಂಬತ್ನಾಲ್ಕು. 'ಡಿಗ್ರಿ ಓದುವಾಗ ಕದ್ದು ಕದ್ದು ಎಷ್ಟು ಸಲವೋ! ಇದರ ಮುಂದೆ ಉಳಿದವೆಲ್ಲ ಸಪ್ಪೆ. ಇಂದಿಗೂ ಎದೆ ನಡುಗುತ್ತದೆ.' ಎದಿ ನಡುಗುತ್ತಾ? ಹೊರಗ್ ಗುಡ್ಡಣ್ಣ ಕೂಕಂಡಿದ್ರ್, ಅವ್ರಿಗೂ ಓದ್ ಹೇಳ್ಲಾ?"

ಮೇಷ್ಟ್ರ ಎದೆ ನಿಜಕ್ಕೂ ನಡುಗಿತು. "ಅದ್ ಹಾಡಿನ ಆಲ್ಬಮ್! ಪದ್ಯ! ದಿನಾ ಕೇಂತ್ನಲೆ ನಾನ್!"

"ಅತ್ತಿ ಹೇಳೂದ್ ಕಂಡ್ರೆ ನೀವ್ ಕೇಂಬುದ್ ಭಜನಿ. ಕತ್ಲಿಗೆ ಇಪ್ಪತ್ತೈದ್ ಮಾರ್ಕ್ ಕೊಡೂ ಭಜನಿ ಯಾವ್ದ್ ಹ್ವಾಯ್ ಅದ್?"

ಅಷ್ಟರಲ್ಲಿ ಹೊರಗಿಂದ ವನಜಕ್ಕನ ಕೂಗು ಬಂತು: "ರವೀ! ಮಾರ್ಟಿಸರ್ ಕಡೆಯೋರ್ ಬಂದ್ರ್!"

ಬಾಗಿಲಲ್ಲಿ ವಿಶಾಲ್ ಮತ್ತು ನವ್ಯಶ್ರೀ. ಇಬ್ಬರಿಗೂ ಕಡುಕಪ್ಪು ಟೀಶರ್ಟ್, ಎದೆಯ ಮೇಲೆ ಹಲ್ಲು ಕಿರಿದ ತಲೆಬುರುಡೆ. ವನಜಕ್ಕ ವಿಶಾಲನ ಎದೆಯನ್ನೇ ದಿಟ್ಟಿಸಿ ಅಕ್ಕರೆಯಿಂದ ಕೇಳಿದರು: "ಡಾಕ್ಟ್ರಿಗ್ ಓದ್ತಾ ಇದ್ಯಾ ಮಗಾ?"

"ಇಲ್ಲ ಅಮ್ಮಾ, ಐಸ್ ಪ್ಲಾಂಟ್" ಎಂದ ವಿಶಾಲ್.

"ಹೌದೌದು, ಹೆಣ ಇಡುಕೂ ಐಸ್ ಬೇಕಲೆ" ಎಂದು ವನಜಕ್ಕ ಸಮಾಧಾನಪಟ್ಟರು.

ನವ್ಯಶ್ರೀ ಕೂತವಳೇ ಯುದ್ಧಕ್ಕಿಳಿದಳು. "ಶುರು ಮಾಡ್ವನಾ ಸರ್? ಇವತ್ತ್ ನಿಮ್ ಎರಡ್ ಸಾವ್ರದ ಒಂಬತ್ತಕ್ಕ್ ಸೋಲೇ!" ಎಂದು, ಎದುರು ಕೂತಿದ್ದ ಗುಡ್ಡಣ್ಣನ ಕಡೆ ತಿರುಗಿ ನಗುತ್ತ ವಿವರಿಸಿದಳು: "ಎರಡ್ ಸಾವ್ರದ ಒಂಬತ್ತಂದ್ರೆ ಸರ್‌ಗೆ ಜೀವ ಅಣ್ಣಾ. ಬಸ್ಸಲ್ಲಿದ್ರೂ ಅದೇ ಧ್ಯಾನ!"

ಗುಡ್ಡಣ್ಣ ನಿಧಾನಕ್ಕೆ ಬೆನ್ನು ನೆಟ್ಟಗೆ ಮಾಡಿದ. "ಕಮ್ಲಾ, ಎರಡ್ ಸಾವ್ರದ ಒಂಬತ್ತ್ ಅಂದ್ರೆ ನಮ್ದಲ್ದಾ?"

ಅಡುಗೆಮನೆ ಬಾಗಿಲಲ್ಲಿ ಸೌಮ್ಯಶ್ರೀ ಸೌಟು ಹಿಡಿದು ನಿಂತಿದ್ದಳು. ಇನ್ನು ಉಳಿದಿರುವುದು ಒಂದೇ ದಾರಿ ಎಂದು ಮೇಷ್ಟ್ರಿಗೆ ತಿಳಿಯಿತು. ಹೆಂಡತಿ ನಂಬಬೇಕಾದರೆ, ಇಷ್ಟು ವರ್ಷ ಕಿವಿಯೊಳಗೇ ಬಚ್ಚಿಟ್ಟುಕೊಂಡ ಮಾರ್ಟಿಸನನ್ನು ಇವತ್ತು ಪಡಸಾಲೆಯ ನಡುವೆ ಬಿಡಬೇಕು! ವಿಶಾಲ್ ಚೀಲದಲ್ಲಿ ತಂದಿದ್ದ ಸ್ಪೀಕರನ್ನು ಟೀಪಾಯಿಯ ಮೇಲಿಟ್ಟು, 2016ರ ಆಲ್ಬಮ್ ಒತ್ತಿದರು.

ಮೊದಲು ತಗಡು ಎಳೆದ ಸದ್ದು ಬಂತು. ಆಮೇಲೆ ಯಂತ್ರಗಳು ಗುದ್ದಿದವು. ಟೀಪಾಯಿಯ ಮೇಲಿನ ಮದುವೆಗಳೆಲ್ಲ ಒಟ್ಟಿಗೆ ಅದುರಿದವು. ತೆಂಗಿನ ಮರದ ಕಾಗೆಗಳು ಹೆದ್ದಾರಿ ದಾಟಿ ಹೋದವು.

"ಮಗಾ..." ವನಜಕ್ಕ ಎದೆ ಮೇಲೆ ಕೈಯಿಟ್ಟರು. "ಇದೇಯಾ ನಿನ್ ಭಜನಿ?"

"ಹೂಂ" ಎಂದರು ಮೇಷ್ಟ್ರು. ಈ ಸಲ ಪ್ರಶ್ನೆ ಕೇಳಿಸಿಕೊಂಡೇ ಎಂದರು.

"ನಮ್ ಬೋಟಿನ್ ಇಂಜಿನ್ ಹೀಂಗೇ ಒದ್ರ್ತಿತ್ತ್" ಎಂದ ಗುಡ್ಡಣ್ಣ ಅನುಭವಸ್ಥನಾಗಿ. "ಗೇರ್ ಬಾಕ್ಸ್ ಬದ್ಲ್ ಮಾಡದ್ಮೇಲೆ ಸಮಾ ಆಯ್ತ್."

ಸೌಮ್ಯಶ್ರೀ ಸೌಟು ಹಿಡಿದೇ ಬಂದು ಕೂತಳು. ಯಂತ್ರಗಳ ನಡುವಿನಿಂದ ಒಂದು ಹೆಣ್ಣಿನ ದನಿ ಎದ್ದಿತು. ಮೇಷ್ಟ್ರು ಕರ್ಕಶ ಎಂದು ಬರೆದಿದ್ದ ಅದೇ ದನಿ. ಹಾಡು ಮುಗಿಯುವವರೆಗೂ ಅವಳು ಕದಲಲಿಲ್ಲ.

"ಹಾಂಗಾರೆ ಷರಾ ಬರ್ದದ್ದ್ ಇದ್ಕಾ?"

"ಇದ್ಕೇ! ದೇವ್ರಾಣಿ ಇದ್ಕೇ!"

"ನಂಗಲ್ದಾ?"

"ನಿಂಗೆ ಷರಾ ಬರಿಯೂ ಧೈರ್ಯ ನಂಗಿತ್ತಾ?"

ಅವಳ ತುಟಿಯ ಕೊನೆಯಲ್ಲಿ ನಗು ಹಣಕಿತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆದರೆ ಅವಳ ಮಾತು ಮುಗಿದಿರಲಿಲ್ಲ. "ಅದೆಲ್ಲ ಸಮಾ. ಆರೆ ಇದ್ ಚೆಂದ ಇತ್ತಲೆ! ಯಂತ್ರ ಎಲ್ಲ ಸೇರ್ಕಂಡ್ ಅಷ್ಟ್ ಒದ್ರಿರೂ ಆ ಹೆಣ್ ಒಂದ್ ಬಿಡದೇ ಹಾಡ್ತ್. ಅದನ್ ಕರ್ಕಶ ಅಂದ್ರ್ಯಾ ನೀವ್? ಇದ್ಕೆ ಮೂವತ್ತೊಂದಾ? ಇಯರ್‌ಫೋನ್ ಸಿಕ್ಸೂ ನಿಮ್ ಕೆಮಿ ಒಂದ್ಸರ್ತಿ ಡಾಕ್ಟ್ರಿಗ್ ತೋರ್ಸ್ಕ್!"

ನವ್ಯಶ್ರೀ ಎದ್ದು ಬಂದು ಅವಳ ಕೈ ಹಿಡಿದಳು. "ಅಕ್ಕಾ! ಒಂಬತ್ ತಿಂಗ್ಳಿಂದ ನಾನ್ ಬಡ್ಕಂಬುದ್ ಇದನ್ನೇ!"

ವಿಶಾಲ್ ಒಮ್ಮೆ ಸೌಮ್ಯಶ್ರೀಯನ್ನು, ಒಮ್ಮೆ ಅಡುಗೆಮನೆಯಿಂದ ಬರುತ್ತಿದ್ದ ಕೋಳಿ ಸಾರಿನ ಪರಿಮಳವನ್ನು ಪರಿಗಣಿಸಿ, "ಅಕ್ಕ ಹೇಳದ್ಮೇಲೆ ಮುಗೀತ್, ನಂದೂ ಹದ್ನಾರಕ್ಕೇ" ಎಂದು ಪಕ್ಷಾಂತರ ಮಾಡಿದ. ಕಮಲಕ್ಕನೂ ಕೈ ಎತ್ತಿದರು. ಯಾವುದಕ್ಕೆಂದು ಅವರಿಗೆ ಗೊತ್ತಿರಲಿಲ್ಲ. ಹದಿಮೂರು ವರ್ಷದಲ್ಲಿ ಒಮ್ಮೆಯೂ ಹಾಕಿದ ಅಂಕ ತಿದ್ದದ ಮೇಷ್ಟ್ರು, ಎಲ್ಲರೆದುರು ಏಳನೇ ಸ್ಥಾನವನ್ನು ಹೊಡೆದು ಒಂದನೇ ಸ್ಥಾನ ಮಾಡಿ, ಪಕ್ಕದಲ್ಲಿ ಸಹಿಯನ್ನೂ ಹಾಕಿದರು.

ಯುದ್ಧ ಮುಗಿಯಿತು. ಎಲೆ ಹಾಕುವುದರೊಳಗೇ ಮುಗಿಯಿತು! ಅಷ್ಟಕ್ಕೇ ಅವರು ಬಾಯಿ ಮುಚ್ಚಿಕೊಂಡು ಊಟಕ್ಕೆ ಏಳಬಹುದಿತ್ತು. ಆದರೆ ಗಂಡಸರಿಗೆ ಕ್ಷಮೆ ಸಿಕ್ಕರೆ ಸಾಲದು, ಕೊಸರಿಗೆ ಸ್ವಲ್ಪ ಹೊಗಳಿಕೆಯೂ ಬೇಕು. ಸೌಮ್ಯಶ್ರೀಯ ಕಣ್ಣಂಚು ಇನ್ನೂ ಒದ್ದೆಯಿರುವುದನ್ನು ಕಂಡು ಮೇಷ್ಟ್ರ ಹೃದಯ ಉಕ್ಕಿತು. ಟೀಪಾಯಿಯ ರಾಶಿಯಿಂದ ತಮ್ಮ ಮದುವೆ ಆಲ್ಬಮ್ ಎತ್ತಿ, ಎದೆಗೆ ಅವುಚಿಕೊಂಡು, ಎದ್ದು ನಿಂತರು.

"ಎಲ್ಲರೂ ಕೇಣಿ! ಮಾರ್ಟಿಸ್ ಏಳ್ ಮಾಡ್ಲಿ, ಎಪ್ಪತ್ ಮಾಡ್ಲಿ. ನಂಗೆ ಆಲ್ಬಮ್ ಅಂದ್ರೆ ಇದೊಂದೇ! ನೂರಕ್ಕ್ ನೂರ್! ತೆರ್ದ್ ಕಾಂಬುದೂ ಬೇಡ, ಇದ್ರೊಳ್ಗಿಪ್ಪ ಮುಖ ಕಣ್ ಮುಚ್ಚಿರೂ ಕಾಂತ್ತ್. ಇವತ್ತ್ ಇದನ್ನ ತಲಿ ಅಡಿಗೆ ಇಟ್ಕಂಡೇ ಮನಿಕಂತೆ!"

ಚಪ್ಪಾಳೆ ಬೀಳಲಿಲ್ಲ. ಸೌಮ್ಯಶ್ರೀ ಸೌಟಿನಿಂದ ಹಣೆ ಚಚ್ಚಿಕೊಂಡಳು. ಕಮಲಕ್ಕನ ಮುಖ ಅವರ ರೇಷ್ಮೆ ಸೀರೆಗಿಂತ ಕೆಂಪಾಯಿತು. ಗುಡ್ಡಣ್ಣ ಎದ್ದು ಬಂದು, ಬಲೆ ಎಳೆಯುವ ತನ್ನ ಎರಡೂ ಕೈಗಳನ್ನು ಮೇಷ್ಟ್ರ ಮುಂದೆ ಚಾಚಿ, ಬಹಳ ಮರ್ಯಾದೆಯಿಂದ ಹೇಳಿದ:

"ಮಾಷ್ಟ್ರೇ, ಅದನ್ ಒಂಚೂರ್ ಇತ್ಲಾಗ್ ಕೊಡಿ. ಅದ್ರೊಳ್ಗಿಪ್ಪುದ್ ನನ್ ಹೆಂಡ್ತಿ."