ಚೀನಾದಲ್ಲಿ ನನ್ನ ಚಿಲ್ಲರೆ ಹೋರಾಟ

ದುಡ್ಡು ಹಿಡಿದು ಹೊರಟರೆ ಸಾಕು, ನನಗೆ ಎಲ್ಲಿಯಾದರೂ ಒಂದು ತಕರಾರು ಕಾದೇ ಇರುತ್ತದೆ. ಬಿ.ಸಿ.ರೋಡಿನಲ್ಲಿ ನನ್ನದೊಂದು ಫ್ಯಾನ್ಸಿ ಅಂಗಡಿ. ಮೂಡುಬಿದಿರೆಯಲ್ಲಿ ಬ್ಯಾಗಿನ ವ್ಯಾಪಾರ ಮಾಡುವ ಬ್ಯಾರಿ ಗೆಳೆಯನ ಜೊತೆ ಮಾಲು ನೋಡಲು ಚೀನಾಕ್ಕೆ ಹೋಗಿದ್ದೆ.

"ಅಲ್ಲಿ ಎಲ್ಲ ಫೋನಿನಲ್ಲೇ ಕೊಡುವುದು. ನೋಟು ನಡೆಯುವುದಿಲ್ಲ ಮಾರಾಯ" ಅಂತ ಹೊರಡುವ ಮೊದಲೇ ಅವನು ಅಂದಿದ್ದ.

"ನಡೆಸಿ ತೋರಿಸ್ತೇನೆ."

"ಒಮ್ಮೆ ನನ್ನ ಫೋನಿನಿಂದ ಕೊಡಿಸಿದರೂ ನೀನು ಸೋತ ಹಾಗೆ. ಊರಿಡೀ ಹೇಳ್ತೇನೆ."

ಸೋಲುವ ಪೈಕಿಯಲ್ಲ ನಾನು.

ಬೆಳಕಿಗೆ ಹಿಡಿದದ್ದು

ಮೊದಲ ದಿನ ನೀರಿನ ಬಾಟಲಿಗೆ ನೂರು ಯುವಾನಿನ ನೋಟು ಕೊಟ್ಟೆ. ಅಂಗಡಿಯ ಹೆಂಗಸು ಅದನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಉಗುರಿನಿಂದ ಕೆರೆದಳು. ನನಗೆ ಪಿತ್ತ ನೆತ್ತಿಗೇರಿತು. ಅವಳು ಕೊಟ್ಟ ಚಿಲ್ಲರೆಯನ್ನು ನಾನೂ ಒಂದೊಂದೇ ನೋಟಾಗಿ ಬೆಳಕಿಗೆ ಹಿಡಿದೆ, ಕೆರೆದೆ, ಮೂಸಿಯೂ ನೋಡಿದೆ. ಹಿಂದೆ ಸಾಲು ಬೆಳೆಯಿತು.

"ಅಸಲಿ ಯಾವುದು, ನಕಲಿ ಯಾವುದು ನಿನಗೆ ಗೊತ್ತುಂಟಾ?" ಗೆಳೆಯ ಕೇಳಿದ.

"ಇಲ್ಲ. ಆದರೆ ನನಗೆ ಗೊತ್ತಿಲ್ಲ ಅಂತ ಅವಳಿಗೆ ಗೊತ್ತಿಲ್ಲವಲ್ಲ!"

ಮಿಠಾಯಿ

ಮರುದಿನ ಇನ್ನೊಬ್ಬ ಅಂಗಡಿಯವ ಚಿಲ್ಲರೆ ಇಲ್ಲವೆಂದು ಖಾಲಿ ಡ್ರಾಯರ್ ತೋರಿಸಿದ. ನಮ್ಮಲ್ಲಿ ಚಿಲ್ಲರೆ ಇಲ್ಲದಿದ್ದರೆ ಚಾಕಲೇಟು ಕೊಡುವುದು ವಾಡಿಕೆ, ನಾನೇ ದಿನಾ ಕೊಡುತ್ತೇನೆ. ಹಾಗಾಗಿ ಡಬ್ಬಿಯಿಂದ ಎರಡು ಮಿಠಾಯಿ ತೆಗೆದು ಜೇಬಿಗೆ ಹಾಕಿ ಹೊರಟೆ. ಅವನು ಓಡಿ ಬಂದು, ಫೋನಿನಲ್ಲಿ ಭಾಷಾಂತರ ಮಾಡಿ ಗೆಳೆಯನ ಮುಂದೆ ಹಿಡಿದ.

"ಮಿಠಾಯಿಗೆ ಚಿಲ್ಲರೆಗಿಂತ ಜಾಸ್ತಿ ಬೆಲೆಯಂತೆ. ನೀನೇ ಬಾಕಿ ಕೊಡಬೇಕಂತೆ."

ನಾನು ಒಂದು ಮಿಠಾಯಿ ವಾಪಸ್ ಕೊಟ್ಟೆ. "ಈಗ ಬಾಕಿ ಅವನದ್ದು ಅಂತ ಹೇಳು."

ಬಸ್ಸು

ಕೊನೆಯ ದಿನ ಬಸ್ಸು ಹತ್ತಿದೆವು. ಗೆಳೆಯ ಫೋನು ತಾಗಿಸಿ ಒಳಗೆ ಹೋದ. ಟಿಕೆಟಿಗೆ ಎರಡು ಯುವಾನ್. ನಾನು ಹತ್ತರ ನೋಟನ್ನು ಡ್ರೈವರನ ಪಕ್ಕದ ಡಬ್ಬಿಗೆ ಹಾಕಿ ಕಂಡಕ್ಟರನಿಗಾಗಿ ಕಾದೆ. ಕಂಡಕ್ಟರ್ ಇದ್ದರಲ್ಲವೇ ಬರುವುದು! ಡಬ್ಬಿಗೆ ಬಿದ್ದದ್ದು ಹಿಂದೆ ಬರುವುದಿಲ್ಲವೆಂದು ಡ್ರೈವರ್ ಕೈಸನ್ನೆ ಮಾಡಿದ.

"ಹೋಗಲಿ ಬಿಡು, ನನ್ನ ಫೋನಿನಿಂದ ನಿನಗೆ ಎಂಟು ಯುವಾನಿನ ಚಾ ಕುಡಿಸ್ತೇನೆ" ಅಂದ ಗೆಳೆಯ.

ಅಲ್ಲಿಗೆ ನನ್ನ ಹಟ ದುಪ್ಪಟ್ಟಾಯಿತು. ಮುಂದೆ ಹತ್ತುವವರ ದುಡ್ಡಿನಿಂದ ನನ್ನ ಎಂಟು ಯುವಾನನ್ನು ನಾನೇ ವಸೂಲಿ ಮಾಡುವುದೆಂದು ಡಬ್ಬಿಯ ಪಕ್ಕ ಕೈಚಾಚಿ ನಿಂತೆ. ಹತ್ತಿದವರೆಲ್ಲ ಫೋನು ತಾಗಿಸಿದರು, ನನ್ನನ್ನು ನೋಡಿದರು, ದೂರ ಸರಿದರು. ಗೆಳೆಯ ನನ್ನ ಪರಿಚಯವೇ ಇಲ್ಲದವನ ಹಾಗೆ ಹಿಂದಿನ ಸೀಟಿಗೆ ಹೋಗಿ ಕೂತ.

ಕೊನೆಗೊಬ್ಬಳು ಅಜ್ಜಿ ನಾಣ್ಯಗಳನ್ನು ಹಿಡಿದು ಹತ್ತಿದಳು. ನಾನು ಕೈ ಮುಂದೆ ಮಾಡಿದೆ. ಅವಳು ತನ್ನ ಟಿಕೆಟಿನ ದುಡ್ಡನ್ನು ಡಬ್ಬಿಗೇ ಹಾಕಿದಳು. ಆಮೇಲೆ ನನ್ನ ಮುಖ ನೋಡಿ, ಚೀಲ ತಡಕಿ, ಇನ್ನೊಂದು ಯುವಾನ್ ತೆಗೆದು ಅಂಗೈಯಲ್ಲಿಟ್ಟು ಭುಜ ಸವರಿದಳು.

ಹಿಂದಿನಿಂದ ಗೆಳೆಯ ಕೂಗಿದ, "ಮಾರಾಯ, ಅವಳು ನಿನ್ನನ್ನು ಭಿಕ್ಷೆಯವ ಅಂದುಕೊಂಡಿದ್ದಾಳೆ! ಮರ್ಯಾದೆ ಉಂಟಾ? ಬಾ ಈಚೆ!"

ನಾನು ನಾಣ್ಯ ಜೇಬಿಗೆ ಹಾಕಿ ಮತ್ತೆ ಕೈಚಾಚಿದೆ.

"ನೀನು ಸುಮ್ಮನೆ ಕೂತುಕೋ. ಇನ್ನೂ ಏಳು ಬರ್ಲಿಕ್ಕುಂಟು."