ಉಣ್ಣಿಜ್ವರದ ಹರಳು

ಹೆಚ್ಚು ಓದಿದವರ ಜೊತೆ ಕೆಲಸ ಮಾಡುವವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಾಫಿ ಎಸ್ಟೇಟಿನಲ್ಲಿ ಹಣ್ಣು ಪಿಕಿಂಗ್ ಮಾಡಿದವಳು. ಈಗ ವಿರಾಜಪೇಟೆ ಕಡೆಯ ಒಂದು ಲ್ಯಾಬಿನಲ್ಲಿ ಗಾಜು ತೊಳೆಯುತ್ತೇನೆ, ಬೇಕಾದ ಉಪ್ಪುನೀರು ಕಲಸಿಕೊಡುತ್ತೇನೆ. ಅಲ್ಲಿನ ಪುಸ್ತಕಗಳನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಓದಿದ್ದೇನೆ. ಒಂದು ದಿನ ಮೈಕ್ರೋಸ್ಕೋಪಿನ ಮುಂದೆ ಕೂರಲೇಬೇಕು ಅನ್ನುವುದು ನನ್ನ ಹಟ. ಡಿಗ್ರಿ ಇಲ್ಲದವರು ಅದನ್ನು ಮುಟ್ಟಬಾರದು ಅನ್ನುವುದು ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸಾರ್ ಹಟ.

ಹಸುವಿನ ಮುಂದೆ ಭಾಷಣ

ಉಣ್ಣಿ ಕಚ್ಚಿದ ದನಗಳ ರಕ್ತದಲ್ಲಿ ಒಂದು ಪರೋಪಜೀವಿ ಸೇರಿಕೊಂಡು ಜ್ವರ ತರುತ್ತದೆ. ಅದರ ಒಂದು ಪ್ರೋಟೀನಿನ ಆಕಾರ ಕಂಡುಹಿಡಿಯುವುದೇ ನಮ್ಮ ಲ್ಯಾಬಿನ ಕೆಲಸ. ರಕ್ತ ತರಲು ಅಮ್ಮತ್ತಿ ಹತ್ತಿರದ ಎಸ್ಟೇಟಿಗೆ ಹೋದೆವು. ಮಲಗಿದ್ದ ಹಸುವಿನ ಪಕ್ಕ ನಿಂತು ಸಾರ್ ಅರ್ಧ ಗಂಟೆ ವಿವರಿಸಿದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಾಳ್ಮೆಯಿಂದ ಕೇಳಿದರು.

“ಅಂದ್ರೆ ಇದು ಎದ್ದು ನಿಲ್ಲುತ್ತಾ ಸಾರ್?”

“ಮೊದಲು ಆಕಾರ ಗೊತ್ತಾಗಬೇಕು. ಆಮೇಲೆ ಔಷಧಿ. ಇಪ್ಪತ್ತು ವರ್ಷ ಆಗಬಹುದು.”

“ಆಗಲಿ ಸಾರ್, ಅಲ್ಲಿವರೆಗೆ ಮಲಗಿರು ಅಂತ ಇದಕ್ಕೆ ನೀವೇ ಹೇಳಿ ಹೋಗಿ.”

ಕಾವು ಕೂತವರು

ಆಕಾರ ತಿಳಿಯಬೇಕಾದರೆ ಪ್ರೋಟೀನು ಉಪ್ಪುನೀರಿನಲ್ಲಿ ಹರಳುಗಟ್ಟಬೇಕು. ಅದಕ್ಕೆ ವಾರಗಟ್ಟಲೆ ಅಲ್ಲಾಡದ ಜಾಗ ಬೇಕು. ಯಾರೂ ಒಳಗೆ ಕಾಲಿಡಬಾರದೆಂದು ಸಾರ್ ಬಾಗಿಲಿಗೆ ಚೀಟಿ ಅಂಟಿಸಿದರು. ಆಮೇಲೆ ಗಂಟೆಗೊಮ್ಮೆ ತಾವೇ ಒಳಗೆ ಹೋಗಿ, ಪ್ರೋಟೀನಿನ ತಟ್ಟೆ ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

“ಅಲ್ಲಾಡಬಾರದು ಅಂದ್ರಲ್ಲ ಸಾರ್?”

“ಅಲ್ಲಾಡಿದೆಯಾ ಅಂತಲೇ ನೋಡ್ತಾ ಇದ್ದೀನಿ.”

ಕಾವಿಗೆ ಕೂತ ಕೋಳಿಗೂ ಇದಕ್ಕಿಂತ ನಂಬಿಕೆ ಇರುತ್ತದೆ.

ಸೂಜಿ

ಮೂರು ವರ್ಷದ ಕೊನೆಗೆ ಒಂದು ಹರಳು ಬಂತು. ಸಾರ್ ಅದರ ಫೋಟೋ ಗೋಡೆಗೆ ಹಾಕಿದರು, ಎಲ್ಲರಿಗೂ ಹಂದಿಮಾಂಸದ ಪಂದಿಕರಿ ಊಟ ಹಾಕಿಸಿದರು. ನಾನು ಎರಡು ಸಲ ಬಡಿಸಿಕೊಂಡು ತಿಂದು ಹೇಳಿದೆ: “ಸಾರ್, ಆ ನೀರು ಕಲಸಿದ್ದು ನಾನು. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಫಾಸ್ಫೇಟ್. ಎರಡೂ ಸೇರಿದರೆ ಪ್ರೋಟೀನ್ ಇಲ್ಲದೆಯೂ ಹರಳು ಬರುತ್ತೆ. ಅದು ಬರೀ ಉಪ್ಪು.”

“ಅಕ್ಕ, ನೀವು ಗಾಜು ತೊಳೀರಿ.”

ತೊಳೆದೆ. ಕೆಲಸ ನೋಡಲು ಕಮಿಟಿ ಬಂತು. ಅದರ ಮುಖ್ಯಸ್ಥೆ, ವಯಸ್ಸಾದ ಒಬ್ಬರು ಮೇಡಂ, ಮೈಕ್ರೋಸ್ಕೋಪಿನಲ್ಲಿ ಹರಳು ನೋಡಿ, “ಇದು ಪ್ರೋಟೀನೇ ಅಂತ ಪರೀಕ್ಷೆ ಮಾಡಿದ್ದೀರಾ?” ಎಂದರು. ಸಾರ್ ಫೋಟೋ ತೋರಿಸಿದರು.

“ಒಂದು ಸೂಜಿ ಸಾಕು ಮೇಡಂ,” ನಾನು ಬಾಗಿಲಿಂದಲೇ ಅಂದೆ. “ಪ್ರೋಟೀನಾದರೆ ಮುಟ್ಟಿದ ಕೂಡಲೇ ಪುಡಿಯಾಗುತ್ತೆ. ಉಪ್ಪಾದರೆ ಜಗ್ಗಲ್ಲ.”

“ಅಕ್ಕ, ಅದನ್ನು ಮುಟ್ಟಬಾರದು,” ಎಂದರು ಸಾರ್.

ಮೇಡಂ ಎದ್ದು ಸ್ಟೂಲು ನನ್ನ ಕಡೆ ತಳ್ಳಿದರು. ನಾನು ಕೂತೆ. ಸೂಜಿಯಿಂದ ಒತ್ತಿದೆ. ಬಾಗಿದ್ದು ಸೂಜಿ.

ಮೇಡಂ ಬಗ್ಗಿ ನೋಡಿ, “ಇನ್ನು ಮೇಲೆ ಹರಳು ಇವರೇ ನೋಡಲಿ,” ಎಂದರು. “ಇದನ್ನೆಲ್ಲ ಎಲ್ಲಿ ಕಲಿತಿರಿ?”

ನಾನು ಬಾಯಿ ತೆರೆಯುವ ಮೊದಲೇ ಸಾರ್ ಮುಂದೆ ಬಂದರು. “ನನ್ನ ಕೈಕೆಳಗೇ ಕಲಿತಿದ್ದು ಮೇಡಂ.”

“ಹೌದು ಮೇಡಂ,” ಅಂದೆ. “ಮೂರು ವರ್ಷದಿಂದ ಸಾರ್ ಬೆಳೆಸಿದ್ದು ಉಪ್ಪು ಮಾತ್ರ. ಬೇರೆ ಏನನ್ನೂ ಗುರುತಿಸೋದಕ್ಕೆ ನಾನಿನ್ನೂ ಕಲಿತಿಲ್ಲ.”