ಯೀಸ್ಟಿನ ಮೂರನೆಯ ಕೆಲಸ

ತೊಂಬತ್ತರ ದಶಕದಲ್ಲಿ ಜಿಗಣಿಯ ಒಂದು ಕಂಪನಿಯ ಲ್ಯಾಬಿನಲ್ಲಿ ನಾನು ಯೀಸ್ಟ್ ಸಾಕುತ್ತಿದ್ದೆ. ಅದರ ಒಂದು ಪ್ರೋಟೀನ್ ಏನು ಕೆಲಸ ಮಾಡುತ್ತದೆಂದು ಕಂಡುಹಿಡಿಯಬೇಕಿತ್ತು. ಪ್ರೋಟೀನನ್ನು ಪೂರ್ತಿ ತೆಗೆದರೆ ಯೀಸ್ಟೇ ಸಾಯುತ್ತಿತ್ತು. ಸತ್ತದ್ದರಿಂದ ಏನು ತಿಳಿದೀತು? ಹಾಗಾಗಿ ಅದರ ಜೀನನ್ನು ಒಂದೊಂದು ಕಡೆ ಚೂರೇ ಚೂರು ಕೆಡಿಸಿ ನೋಡಿದೆವು. ಒಂದು ಕಡೆ ಕೆಡಿಸಿದರೆ ಯೀಸ್ಟ್ ಬಿಸಿ ತಾಳುತ್ತಿರಲಿಲ್ಲ, ಆದರೆ ಎಂದಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಇನ್ನೊಂದು ಕಡೆ ಕೆಡಿಸಿದರೆ ಬಿಸಿ ತಾಳುತ್ತಿತ್ತು, ಅಂಟಿಕೊಳ್ಳುತ್ತಿರಲಿಲ್ಲ. ಅಂದರೆ ಒಂದೇ ಪ್ರೋಟೀನಿಗೆ ಎರಡು ಬೇರೆ ಬೇರೆ ಕೆಲಸ! ದುಡಿದದ್ದು ನನ್ನ ಜೂನಿಯರ್ ಶೈಲಜಾ. ಬೀಗಿದ್ದು ನಾನು.

ಆ ಡಿಸೆಂಬರಿನ ಚಳಿಗೆ ಹೆಂಡತಿ ಯೀಸ್ಟ್ ಹಾಕಿ ಕಲಸಿದ ಬನ್ನಿನ ಹಿಟ್ಟು ಉಬ್ಬಲೇ ಇಲ್ಲ. ಅವಳು ದಾವಣಗೆರೆಯವಳು.

"ದಿನಾ ಯೀಸ್ಟು ಯೀಸ್ಟು ಅಂತೀರಲ್ರೀ, ಇದೊಂದು ಹಿಟ್ಟು ಉಬ್ಬಿಸಿ ಕೊಡ್ರಿ ನೋಡೋಣ!"

ಮಾನದ ಪ್ರಶ್ನೆ! ಬೆಳಿಗ್ಗೆ ಹಿಟ್ಟಿನ ಡಬ್ಬಿಯನ್ನು ಸ್ಕೂಟರಿನಲ್ಲಿ ಒಯ್ದು, ಲ್ಯಾಬಿನಲ್ಲಿ ಯೀಸ್ಟ್ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟೆ. ಸಂಜೆ ನೋಡಿದರೆ ಹಿಟ್ಟು ಮುಚ್ಚಳ ತಳ್ಳಿಕೊಂಡು ಹೊರಗೆ ಬಂದಿತ್ತು. ಕೈಯಲ್ಲೇ ಬಳಿದು ಒಳಗೆ ತುರುಕಿದೆ. ಅದೇ ಕೈಯಲ್ಲಿ, ತೊಳೆಯದೆ, ಬಿಸಿ ತಾಳದ ಯೀಸ್ಟನ್ನು ಹೊಸ ತಟ್ಟೆಗೆ ಹಾಕಿ ಜಾಸ್ತಿ ಬಿಸಿಯಲ್ಲಿಟ್ಟು ಮನೆಗೆ ಹೋದೆ. ಬನ್ನು ಅದ್ಭುತವಾಗಿತ್ತು.

ಎರಡು ದಿನ ಕಳೆದು ನೋಡುತ್ತೇನೆ, ಸಾಯಬೇಕಿದ್ದ ಯೀಸ್ಟ್ ತಟ್ಟೆ ತುಂಬ ಬೆಳೆದಿದೆ! ಬುದ್ಧಿಯಿದ್ದವರು ಎಲ್ಲೋ ತಪ್ಪಾಗಿದೆ ಎನ್ನುತ್ತಿದ್ದರು. ನಾನು ಡೈರೆಕ್ಟರ ಬಳಿ ಓಡಿದೆ.

"ಸಾರ್, ಈ ಪ್ರೋಟೀನಿಗೆ ಮೂರನೇ ಕೆಲಸ ಇದೆ! ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ತಿದೆ!"

ಮುಂದಿನ ವಾರ ಬರುವ ವಿದೇಶಿ ಅತಿಥಿಗಳೆದುರು ನೀವೇ ಭಾಷಣ ಮಾಡಿ ಎಂದರು ಅವರು. ನಾನು ಟೈ ಕೊಂಡೆ.

ಭಾಷಣದ ಹಿಂದಿನ ದಿನ ಶೈಲಜಾ ತಟ್ಟೆ ಹಿಡಿದು ಡೈರೆಕ್ಟರ ಕೋಣೆಗೇ ಬಂದಳು. ನಾನೂ ಅಲ್ಲೇ ಇದ್ದೆ.

"ಸಾರ್, ನಮ್ಮ ಯೀಸ್ಟು ಆಹಾರದಲ್ಲಿ ಅಡೆನಿನ್ ಹಾಕ್ದೆ ಬೆಳಿಯಲ್ಲ. ಇದು ಹಾಕ್ದೇನೂ ಬೆಳೀತಿದೆ. ಇದು ನಮ್ದಲ್ಲ."

"ಮತ್ಯಾರದ್ದು?"

"ಬೇಕರಿ ಯೀಸ್ಟ್ ಇದ್ದಂಗಿದೆ ಸಾರ್. ಹೋದ್ವಾರ ಇವರು ಯೀಸ್ಟಿನ ಪೆಟ್ಟಿಗೆಯೊಳಗೆ ಒಂದು ಡಬ್ಬಿ ಇಟ್ಟಿದ್ರು..."

ಡೈರೆಕ್ಟರು ನನ್ನತ್ತ ತಿರುಗಿದರು. "ಏನ್ರೀ ಅದು ಡಬ್ಬಿ?"

"ಬನ್ನು, ಸಾರ್."

ಮರುದಿನ ಭಾಷಣ ಶೈಲಜಾಳದ್ದು. ಎರಡೇ ಕೆಲಸ, ಎರಡೂ ಗಟ್ಟಿ, ಅತಿಥಿಗಳು ತಲೆದೂಗಿದರು. ಪ್ರೊಜೆಕ್ಟರಿನ ಮೇಲೆ ಅವಳ ಪಾರದರ್ಶಕ ಹಾಳೆಗಳನ್ನು ಒಂದೊಂದಾಗಿ ಇಡುವುದಷ್ಟೇ ನನ್ನ ಪಾಲಿಗೆ ಬಂತು. ಟೈ ಕಟ್ಟಿಕೊಂಡೇ ನಿಂತಿದ್ದೆ.

"ಸಾರ್," ಎಂದಳು ಶೈಲಜಾ ಮೆಲ್ಲಗೆ, "ಹಾಳೆ ತಲೆಕೆಳಗಾಗಿದೆ."